ಕೇಳಿದ ದಿನದಿಂದ

ಸಾಮಾನಿನ ಬೆಲ್ಟು ಇನ್ನೂ ತಿರುಗಲು ಶುರುವಾಗಿರಲಿಲ್ಲ. ಪ್ಯಾರಿಸ್ಸಿನಿಂದ ಬಂದಿಳಿದ ಜನವೆಲ್ಲ ಅದರ ಸುತ್ತ ನಿಂತು, ತಲೆ ತಗ್ಗಿಸಿ, ತಂತಮ್ಮ ಫೋನಿನಲ್ಲಿ ಮುಳುಗಿದ್ದರು. ಆ ಮಧ್ಯಾಹ್ನ ಶಿಕಾಗೋದ ಓಹೇರ್ ವಿಮಾನ ನಿಲ್ದಾಣದ ಆ ಹಾಲಿನಲ್ಲಿ ಕೈಯಲ್ಲಿ ಫೋನಿಲ್ಲದೆ ನಿಂತವರು ಇಬ್ಬರೇ: ಸುರೇಶ ಮತ್ತು ಅವನ ಹೆಂಡತಿ ವಾಣಿಶ್ರೀ. ಸುರೇಶನ ಫೋನು ಅವನ ಕೋಟಿನ ಒಳಜೇಬಿನಲ್ಲಿ ಹತ್ತು ದಿನದಿಂದ ಆಫ್ ಆಗಿ ಕೂತಿತ್ತು. ಅವಳದನ್ನೂ ಅವನೇ ಇಸಿದುಕೊಂಡು, ಆಫ್ ಮಾಡಿ, ಕೈಚೀಲದ ತಳಕ್ಕೆ ಸೇರಿಸಿದ್ದ.

"ಸರ್, ಈಗಲಾದ್ರೂ ಆನ್ ಮಾಡಿ," ಎನ್ನುತ್ತ ಅಲೀಮ್ ಹತ್ತಿರ ಬಂದ. ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ ಸಣ್ಣದೊಂದು ಟ್ರಾವೆಲ್ಸ್ ನಡೆಸುವ ಚನ್ನಪಟ್ಟಣದವನು ಅವನು. ಇವರಿಬ್ಬರೂ ಸೇರಿ ಹದಿನಾರು ಜನರನ್ನು ಫ್ರಾನ್ಸಿನ ಪಶ್ಚಿಮದ ಮೂಲೆಯಲ್ಲಿರುವ ಬ್ರಿಟನಿ ಪ್ರಾಂತ್ಯಕ್ಕೆ ಕರೆದೊಯ್ದು, ಕೆಲ್ಟರೆಂಬ ಪ್ರಾಚೀನ ಜನರ ಪುಣ್ಯಸ್ಥಳಗಳು, ಮಧ್ಯಯುಗದ ಊರುಗಳು, ಅಲ್ಲಿನ ತಿಂಡಿತೀರ್ಥ ಎಲ್ಲವನ್ನೂ ತೋರಿಸಿ, ಒಬ್ಬರ ಪಾಸ್‌ಪೋರ್ಟೂ ಕಳೆಯದ ಹಾಗೆ ವಾಪಸು ತಂದಿದ್ದ.

"ಮನೆಗೆ ಹೋಗಿ ಮಾಡ್ತೀನಿ ಅಲೀಮ್."

"ನಿಮ್ಮ ಮಗಳು ಮತ್ತೆ ಮೆಸೇಜ್ ಹಾಕಿದ್ರು ಸರ್. ಏನಂದ್ರೆ..."

"ಬೇಡ," ಎಂದು ಸುರೇಶ ಅಂಗೈ ಎತ್ತಿದ. "ಏನು ಅಂತ ಗೊತ್ತು ನಂಗೆ. ಮನೇಲಿ ಕೂತ್ಕೊಂಡು ಕೇಳ್ತೀನಿ. ಇಷ್ಟು ದಿನ ತಡೆದಿದೀನಿ, ಇನ್ನೊಂದು ಗಂಟೆ."

"ಆಂಟಿ, ನೀವಾದ್ರೂ ಹೇಳಿ."

ವಾಣಿಶ್ರೀ ಮಾತು ಬಂದ ಕಡೆ ತಿರುಗಿ ನಕ್ಕಳು. ಅಲೀಮನ ಮುಖ ಇರಬೇಕಾದ ಜಾಗದಲ್ಲಿ ಮಸಿ ಚೆಲ್ಲಿದಂತೆ ಕಪ್ಪಾಗಿತ್ತು. ಅದರ ಅಂಚಿನಲ್ಲಿ ಭುಜದಂಥದೇನೋ ಅಲ್ಲಾಡಿತು. "ಮನೆಗೆ ಹೋದ ತಕ್ಷಣ ಮಾಡಿಸ್ತೀನಿ," ಎಂದಳು. ಬೆಲ್ಟು ಗಡಗಡಿಸಿ ತಿರುಗತೊಡಗಿತು. ನಮ್ಮ ಸೂಟ್‌ಕೇಸು ಬಂತೇನು ನೋಡು ಎಂದು ಸುರೇಶ ಕೇಳಿದಾಗ, ನೀವೇ ನೋಡಿ, ನನಗೆ ನಿಂತೂ ನಿಂತೂ ಸಾಕಾಗಿದೆ ಎಂದು ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಎಂಟು ದಿನದಿಂದ ಅವಳು ಆ ತೋಳನ್ನು ಬಿಟ್ಟಿರಲಿಲ್ಲ. ಈ ವಯಸ್ಸಿನಲ್ಲಿ ಹೆಂಡತಿಗೆ ತನ್ನ ಮೇಲೆ ಹೊಸದಾಗಿ ಪ್ರೀತಿ ಉಕ್ಕಿದೆ ಎಂದು ಸುರೇಶ ತಿಳಿದಿದ್ದ. ಪ್ರೀತಿಯೂ ಇತ್ತು, ಸುಳ್ಳಲ್ಲ.

ಫೋನಿನ ಕಥೆ ಹೀಗೆ. ಸುರೇಶನ ಅಣ್ಣ ಭಾನುಪ್ರಕಾಶ ತುಮಕೂರಿನಲ್ಲಿ ಎರಡು ವರ್ಷದಿಂದ ಡಯಾಲಿಸಿಸ್ ಮೇಲಿದ್ದ. ಇವರು ಹೊರಡುವ ವಾರ ಆಸ್ಪತ್ರೆಗೆ ಸೇರಿಸಿದ್ದರು. ಇವತ್ತೋ ನಾಳೆಯೋ ಹೇಳಲಾಗುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಜನವರಿಯಲ್ಲಿ ಹೋಗಿ ಮೂರು ವಾರ ಇದ್ದು ಬಂದಿದ್ದ ಸುರೇಶ ಟೂರನ್ನು ರದ್ದು ಮಾಡುವುದೋ ಬೇಡವೋ ಎಂದು ಒದ್ದಾಡಿದಾಗ, "ಹೋಗೋ ಮುಟ್ಠಾಳ, ನಾನೇನು ಓಡಿಹೋಗ್ತೀನಾ," ಎಂದು ಗದರಿದವನೂ ಭಾನಣ್ಣನೇ. ಕೊನೆಗೆ ಹೊರಟರು. ಹೊರಟ ದಿನ, ಇದೇ ಓಹೇರ್‌ನಲ್ಲಿ, ವಿಮಾನ ಹತ್ತಲು ಸಾಲು ನಿಂತಾಗ, ಸಂಜೆ ಐದೂವರೆಗೆ, ಅತ್ತಿಗೆ ರೇಣುವಿನ ನಂಬರಿನಿಂದ ಫೋನು ಬಂತು. ಶಿಕಾಗೋದ ಐದೂವರೆಯೆಂದರೆ ತುಮಕೂರಿನಲ್ಲಿ ಬೆಳಗಿನ ಜಾವ ನಾಲ್ಕು. ಆಸ್ಪತ್ರೆಯಲ್ಲಿ ರೋಗಿ ಮಲಗಿರುವಾಗ ಆ ಹೊತ್ತಿನಲ್ಲಿ ಬರುವ ಫೋನಿಗೆ ಇರುವುದು ಒಂದೇ ಅರ್ಥ. ಸುರೇಶ ಅದು ಬಡಿದುಕೊಳ್ಳುವುದನ್ನು ನೋಡುತ್ತ ನಿಂತ. ನಿಂತಿತು. ಮತ್ತೆ ಬಡಿದುಕೊಂಡಿತು. ಮೂರನೇ ಸಲಕ್ಕೆ ಅವನು ಗುಂಡಿ ಅದುಮಿ ಹಿಡಿದು ಅದನ್ನು ಪೂರ್ತಿ ಆಫ್ ಮಾಡಿದ.

"ನಾನು ಕೇಳಿಲ್ಲ," ಎಂದ. "ಕೇಳಿಲ್ಲ ಅಂದ್ರೆ ಸೂತಕ ಇಲ್ಲ."

ಸುರೇಶನ ತಂದೆ ಊರಿಗೆಲ್ಲ ಪಂಚಾಂಗ ನೋಡಿ ಹೇಳುತ್ತಿದ್ದವರು. ನಲವತ್ತು ವರ್ಷ ಅಮೆರಿಕದಲ್ಲಿ ಸರಕು ಸಾಗಣೆ ಕಂಪನಿಯ ಕೆಲಸ ಮಾಡಿ ನಿವೃತ್ತನಾದ ಮಗ ಜನಿವಾರವನ್ನು ಯಾವತ್ತೋ ಬಿಟ್ಟಿದ್ದರೂ ಮೈಲಿಗೆಯ ಲೆಕ್ಕವನ್ನು ಬಿಟ್ಟಿರಲಿಲ್ಲ. ದೂರದೇಶದಲ್ಲಿರುವ ದಾಯಾದಿಗೆ ಸೂತಕ ಹತ್ತುವುದು ಸತ್ತ ಕ್ಷಣದಿಂದ ಅಲ್ಲ, ಕೇಳಿದ ದಿನದಿಂದ. ಕೇಳುವತನಕ ಅವನು ಶುದ್ಧ. ದೇವಸ್ಥಾನಕ್ಕೆ ಹೋಗಬಹುದು, ತೀರ್ಥ ಮುಟ್ಟಬಹುದು. ಕೇಳಿದನೋ, ಮುಗಿಯಿತು, ಗೇಟಿನಿಂದಲೇ ಹಿಂದಿರುಗಬೇಕು. ಅಣ್ಣ ಸತ್ತನೆಂದು ಗೊತ್ತಿದ್ದೂ ತಮ್ಮ ಫ್ರಾನ್ಸಿಗೆ ಹೋದ ಎಂದು ತುಮಕೂರಿನಲ್ಲಿ ಯಾರು ತಾನೇ ಸಹಿಸಿಯಾರು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಸುರೇಶ ಕಿವಿ ಮುಚ್ಚಿಕೊಂಡು ವಿಮಾನ ಹತ್ತಿದ.

ಎಲ್ಲವೂ ವಾಣಿಶ್ರೀಗಾಗಿ. ತಮ್ಮೂರು ವೆಸ್ಟ್‌ಮಂಟ್‌ನ ಲೈಬ್ರರಿಯಲ್ಲಿ ಇಪ್ಪತ್ತೆರಡು ವರ್ಷ ಅವಳು ಬೇರೆಯವರು ಓದಿ ತಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಿದ್ದಳು. ಅಲ್ಲಿ ಬ್ರಿಟನಿಯ ಚಿತ್ರಗಳ ದಪ್ಪ ಪುಸ್ತಕವೊಂದಿತ್ತು. ಯಾರೂ ಅದನ್ನು ಒಯ್ಯುತ್ತಿರಲಿಲ್ಲ, ಅವಳೇ ಒಯ್ಯುತ್ತಿದ್ದಳು. ಬಯಲಿನಲ್ಲಿ ಸಾಲುಗಟ್ಟಿ ನಿಂತ ಮೂರು ಸಾವಿರ ಕಲ್ಲುಗಳು. ಮರದ ತೊಲೆಗಳ ವಾಲಿದ ಮನೆಗಳು. ಕಾಡಿನಂಚಿನಲ್ಲಿ ಪಾಚಿಗಟ್ಟಿದ ಊಟೆಗಳು, ಒಂದೊಂದು ಊಟೆಯ ನೀರು ಒಂದೊಂದು ಕಾಯಿಲೆಗೆ ಮದ್ದಂತೆ. ಕಣ್ಣಿಗೂ ಒಂದಿತ್ತು. ಆಗ ಅವಳ ಕಣ್ಣು ಚೆನ್ನಾಗಿತ್ತು. ಎರಡು ವರ್ಷದ ಹಿಂದೆ ಎಡಗಣ್ಣಿನ ನಡುಭಾಗದ ದೃಷ್ಟಿ ಹೋಯಿತು. ಬಲಗಣ್ಣಿಗೆ ಆರು ವಾರಕ್ಕೊಂದು ಇಂಜೆಕ್ಷನ್ನು. ಮಗಳು ಜಾನ್ವಿ ಆನ್ ಆರ್ಬರ್‌ನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದುದರಿಂದ ಅಲ್ಲಿನ ದೊಡ್ಡ ಡಾಕ್ಟರನ್ನೇ ಹಿಡಿದಿದ್ದಳು. ಆತ ಚೌಕಗಳ ಗೆರೆ ಹಾಕಿದ ಹಾಳೆಯೊಂದನ್ನು ಕೊಟ್ಟು ದಿನಾ ನೋಡಲು ಹೇಳಿದ್ದ. ಗೆರೆ ಡೊಂಕಾಗಿ ಕಂಡ ದಿನವೇ ಫೋನ್ ಮಾಡಬೇಕು, ಎರಡು ದಿನ ತಡವಾದರೂ ತನ್ನ ಕೈಯಲ್ಲಿಲ್ಲ ಎಂದಿದ್ದ. ಈಗ ಸ್ಥಿರವಾಗಿದೆ, ಏನಾದರೂ ನೋಡುವುದಿದ್ದರೆ ನೋಡಿಬನ್ನಿ, ಮುಂದಿನ ವರ್ಷದ ಮಾತು ಹೇಳಲಾರೆ ಎಂದೂ ಸೇರಿಸಿದ್ದ. ಸುರೇಶ ಮರುದಿನವೇ ಅಲೀಮನ ಆಫೀಸಿಗೆ ಹೋಗಿದ್ದ.

ವಿಮಾನ ಮೇಲೇರಿದ ಮೇಲೆ ಅವನು ಅವಳ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ನೀನು ಕಣ್ತುಂಬ ನೋಡು ವಾಣಿ. ನಂಗೆ ಅಷ್ಟೇ ಬೇಕಾಗಿರೋದು."

ಬ್ರಿಟನಿಯ ಎರಡನೇ ಬೆಳಗ್ಗೆ, ಹೋಟೆಲಿನ ಕೋಣೆಯಲ್ಲಿ ವಾಣಿಶ್ರೀ ಎದ್ದು ಕಿಟಕಿ ನೋಡಿದಾಗ, ಬಲಗಣ್ಣಿಗೂ ಕಿಟಕಿಯ ನಡುವೆ ಕಪ್ಪು ಕಲೆಯೊಂದು ಕಂಡಿತು. ಕಣ್ಣುಜ್ಜಿದಳು, ಹೋಗಲಿಲ್ಲ. ಗೋಡೆ ನೋಡಿದರೆ ಗೋಡೆಗೂ ಬಂತು. ಹಿಂದಿನಿಂದ ಸುರೇಶ ಚೌಕದ ಹಾಳೆಯನ್ನು ಹಿಡಿದುಕೊಂಡು ಬಂದು, "ಹೆಂಗಿದೆ ಇವತ್ತು?" ಎಂದ. ಹಾಳೆಯೇ ಕಾಣುತ್ತಿರಲಿಲ್ಲ, ಗೆರೆ ಡೊಂಕೋ ನೆಟ್ಟಗೋ ಯಾರಿಗೆ ಗೊತ್ತು.

"ನೆಟ್ಟಗಿದೆ," ಎಂದಳು.

ಆ ಮಾತು ಬಾಯಿಂದ ಹೊರಟ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆದರೆ ಇನ್ನೇನು ಹೇಳಬಹುದಿತ್ತು? ಒಡಹುಟ್ಟಿದವನ ಸಾವಿಗೆ ಕಿವುಡಾಗಿ ಬಂದಿರುವ ಗಂಡನಿಗೆ, ನೀವು ಬಂದದ್ದು ದಂಡ, ನಡೆಯಿರಿ ಹೋಗೋಣ ಎನ್ನುವುದೇ? ಇನ್ನೊಂದು ದಿನ ನೋಡೋಣ, ತಾನಾಗಿ ತಿಳಿಯಾದೀತು ಎಂದುಕೊಂಡಳು. ಕಲೆ ತಿಳಿಯಾಗಲಿಲ್ಲ. ದಿನದಿನಕ್ಕೆ ಅಂಚಿಗೆ ಹರಡಿತು.

ಮೂರನೇ ದಿನ ಕಾರ್ನಾಕ್‌ನ ಕಲ್ಲುಗಳು. ಇವು ಕೆಲ್ಟರು ನಿಲ್ಲಿಸಿದ್ದೂ ಅಲ್ಲ, ಅವರಿಗಿಂತ ಸಾವಿರಾರು ವರ್ಷ ಹಳೆಯವು, ಅವರು ಬಂದಾಗಲೇ ಇವು ಹೀಗೆ ನಿಂತಿದ್ದವು ಎಂದು ಗೈಡ್ ಹೆಂಗಸು ವಿವರಿಸುತ್ತಿದ್ದಳು. ವಾಣಿಶ್ರೀ ನೋಡಿದ ಕಡೆ ಕಲ್ಲಿರುತ್ತಿರಲಿಲ್ಲ. ಪಕ್ಕದಲ್ಲಿ ಬೂದುಬಣ್ಣದ್ದೇನೋ ನಿಂತ ಹಾಗಿರುತ್ತಿತ್ತು. ಆಸೆಯಿಂದ ತಿರುಗಿದರೆ ಅದೂ ಮಾಯ. ನಲವತ್ತು ನಿಮಿಷ ಅವಳು ಆ ಬಯಲಿನಲ್ಲಿ ಕಲ್ಲುಗಳನ್ನು ಅಟ್ಟಿಸಿಕೊಂಡು ಹೋದಳು. ಒಂದೂ ಸಿಕ್ಕಲಿಲ್ಲ. ಸುರೇಶ ಅವಳನ್ನು ಅಲ್ಲಿಲ್ಲಿ ನಿಲ್ಲಿಸಿ ಫೋಟೋ ತೆಗೆದ. "ಸಾರ್ಥಕ ಆಯ್ತು ನೋಡು," ಎಂದ. ಅಷ್ಟೂ ದಿನ ತನ್ನ ಕಿವಿಯನ್ನು ಕಾಯುವುದರಲ್ಲಿ ಮುಳುಗಿದ್ದ ಅವನಿಗೆ ಅವಳ ಕಣ್ಣಿನ ಕಡೆ ಗಮನವಿರಲಿಲ್ಲ.

ನಾಲ್ಕನೇ ದಿನ ಡಿನಾನ್ ಎಂಬ ಹಳೆಯ ಊರು. ಕೋಟೆಯ ಗೋಡೆ, ನದಿಗೆ ಇಳಿಯುವ ಕಡಿದಾದ ಕಲ್ಲುಹಾಸಿನ ಬೀದಿ, ಒಂದಕ್ಕೊಂದು ತಲೆ ತಾಗಿಸಿಕೊಂಡ ಮನೆಗಳು. ಅಲ್ಲೊಂದು ಹೋಟೆಲಿನಲ್ಲಿ ಗಲೆಟ್ ಎನ್ನುವ ಕಪ್ಪು ಹಿಟ್ಟಿನ ದೋಸೆಗೆ ಎಲ್ಲರೂ ಕೂತರು. ಮಾಂಸ ಬೇಡ, ಮೊಟ್ಟೆ ಬೇಡ, ಚೀಸು ಅಣಬೆ ಸಾಕು ಎಂದು ಅಲೀಮ್ ಅಡುಗೆಮನೆಗೇ ಹೋಗಿ ಹೇಳಿಬಂದ. ಸುರೇಶ ಜೇಬಿನಿಂದ ಚಟ್ನಿಪುಡಿಯ ಡಬ್ಬಿ ತೆಗೆದು ಅದರ ಮೇಲೆ ಉದುರಿಸಿ, "ಅನ್ಯಾಯವಾಗಿ ಇಷ್ಟು ಬೆಣ್ಣೆ ಹಾಕಿದಾನೆ, ಉಪ್ಪು ಹುಳಿ ಏನೂ ಇಲ್ಲ," ಎಂದು ಗೊಣಗುತ್ತಲೇ ಎರಡು ಹೊಡೆದ. ಆಗ ಅಲೀಮ್ ಬಂದು ಕುರ್ಚಿಯ ಪಕ್ಕ ಬಗ್ಗಿದ.

"ಸರ್, ನಿಮ್ಮ ಮಗಳು ನಂಗೆ ಮೆಸೇಜ್ ಮಾಡಿದಾರೆ. ಊರಿಂದ ಅರ್ಜೆಂಟ್ ಅಂತೆ. ನಿಮ್ಮಣ್ಣನ ವಿಷಯ..."

"ಅಲೀಮ್," ಎಂದ ಸುರೇಶ. ಚಾಕು ಫೋರ್ಕು ತಟ್ಟೆಯ ಮೇಲಿಟ್ಟ. "ಅಲ್ಲಿಗೇ ನಿಲ್ಸಿ. ದಯವಿಟ್ಟು. ಆ ವಿಷಯ ನಂಗೆ ಗೊತ್ತು. ಆದ್ರೆ ಯಾರೂ ನಂಗೆ ಬಾಯಿ ಬಿಟ್ಟು ಹೇಳ್ಬಾರ್ದು. ಶಿಕಾಗೋ ಮುಟ್ಟೋತನಕ ಹೇಳ್ಬೇಡಿ. ನಾಳೆ ಇವಳು ಆ ಊಟೆಯ ನೀರು ಮುಟ್ಬೇಕು. ದೇವರು ಯಾರದಾದ್ರೇನು, ತೀರ್ಥ ತೀರ್ಥಾನೇ."

ಅಲೀಮ್ ನೆಟ್ಟಗೆ ನಿಂತ. "ನಮ್ಮಲ್ಲಿ ಸುದ್ದಿ ಬಂತು ಅಂದ್ರೆ ಎದ್ದು ಹೊರಟ್ಬಿಡ್ತೀವಿ ಸರ್. ನಿಮ್ಮಲ್ಲಿ ಹೆಂಗೋ ನಂಗೊತ್ತಿಲ್ಲ. ನಿಮಗೆ ಗೊತ್ತು ಅಂದ್ರೆ ಆಯ್ತು," ಎಂದು ಹೋದ. ವಾಣಿಶ್ರೀ ತನ್ನ ತಟ್ಟೆಯಲ್ಲಿ ಗಲೆಟ್ಟಿನ ಅಂಚು ಎಲ್ಲಿದೆಯೆಂದು ಬೆರಳಿನಿಂದ ಹುಡುಕುತ್ತಿದ್ದಳು. ಪಾಪ ಅಲೀಮ್, ಎಂದುಕೊಂಡಳು.

ಐದನೆಯ ದಿನದ ಊಟೆ ಒಂದು ಹಳ್ಳಿಯ ಚರ್ಚಿನ ಹಿಂದೆ ಇತ್ತು. ಮೂರು ಮೆಟ್ಟಿಲು ಇಳಿದರೆ ಕಲ್ಲಿನ ಗೂಡು, ಅದರ ಕೆಳಗೆ ಮೊಣಕೈ ಮುಳುಗುವಷ್ಟು ನೀರು. ಅಲ್ಲಿದ್ದ ಮುದುಕಿಯೊಬ್ಬಳು ತಗಡಿನ ಲೋಟ ಕೊಟ್ಟು ಏನೋ ಹೇಳಿದಳು. ಮೂರು ಸಲ ಎರಚಿಕೊಳ್ಳಬೇಕಂತೆ. ವಾಣಿಶ್ರೀ ಮೂರು ಸಲ ಎರಚಿಕೊಂಡಳು. ತನಗೆ ಗೊತ್ತಿದ್ದ ಎಲ್ಲ ದೇವರನ್ನೂ ಈ ಊರಿನ ಹೆಸರು ಗೊತ್ತಿಲ್ಲದ ದೇವರನ್ನೂ ಒಟ್ಟಿಗೇ ಬೇಡಿಕೊಂಡಳು. ಅವಳು ಜೀವನದಲ್ಲಿ ಅಷ್ಟು ಆರ್ತಳಾಗಿ ಯಾವ ದೇವರನ್ನೂ ಕೇಳಿರಲಿಲ್ಲ. ಕಣ್ಣು ಬಿಟ್ಟಾಗ ಕಪ್ಪು ಅಲ್ಲೇ ಇತ್ತು, ಒದ್ದೆಯಾಗಿತ್ತು ಅಷ್ಟೇ.

"ಹೆಂಗಿದೆ?" ಎಂದು ಸುರೇಶ ಮಗುವಿನ ಹಾಗೆ ಕೇಳಿದ.

"ತಣ್ಣಗಿದೆ," ಎಂದಳು.

ಈಗ ಕಾರು ಟ್ರೈ-ಸ್ಟೇಟ್ ಹೈವೇಯಲ್ಲಿ ದಕ್ಷಿಣಕ್ಕೆ ಓಡುತ್ತಿತ್ತು. ಹೊರಗೆ ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಚಳಿ ಎಂದು ಸುರೇಶ ಓದಿ ಹೇಳಿದ. ಲಾರಿಗಳು ಪಕ್ಕದಲ್ಲಿ ಹಾಯುವಾಗ ಕಾರು ಅಲುಗುತ್ತಿತ್ತು. ವಾಣಿಶ್ರೀ ಮನಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬಂದಿದ್ದಳು. ಮೊದಲು ಇವರ ಸುದ್ದಿ ಮುಗಿಯಲಿ. ಇವರು ಅಳಲಿ, ಸ್ನಾನ ಮಾಡಲಿ, ರೇಣು ಅತ್ತಿಗೆಯೊಂದಿಗೆ ಮಾತಾಡಲಿ. ಆಮೇಲೆ ನನ್ನದು ಹೇಳುತ್ತೇನೆ. ಇವತ್ತೇ ಹೇಳಿದರೆ ನಾಳೆ ಆನ್ ಆರ್ಬರ್‌ಗೆ ಹೋಗಬಹುದು. ಎಂಟು ದಿನ ತಡವಾಗಿದೆ, ಡಾಕ್ಟರು ಬೈಯುತ್ತಾರೆ, ಬೈದಾದರೂ ಏನಾದರೂ ಮಾಡಿಯಾರು. ಬೆಳಕು ಕತ್ತಲೆ ತಿಳಿಯುವಷ್ಟಾದರೂ ದೃಷ್ಟಿ ಉಳಿದೀತು. ಇನ್ನು ಮುಚ್ಚಿಡುವ ಶಕ್ತಿ ಅವಳಲ್ಲಿರಲಿಲ್ಲ.

"ಊಟ ಮೊದಲು ಮಾಡ್ಬಿಡೋಣ," ಎಂದ ಸುರೇಶ ಆಗ್ಡನ್ ಅವೆನ್ಯೂ ಎಕ್ಸಿಟ್ಟಿನಲ್ಲಿ ಇಳಿಯುತ್ತ. "ಕೇಳಿದ್ಮೇಲೆ ಗಂಟಲಲ್ಲಿ ಇಳಿಯಲ್ಲ."

ಮನೆ ಹತ್ತು ದಿನ ಮುಚ್ಚಿದ್ದಕ್ಕೆ ತಣ್ಣಗಿತ್ತು. ಅಕ್ಕಿ ತೊಳೆದು ಕುಕ್ಕರಿಗಿಡುವುದು ವಾಣಿಶ್ರೀಗೆ ಕಣ್ಣಿಲ್ಲದೆಯೂ ಬರುತ್ತಿತ್ತು. ಫ್ರೀಜರಿನಲ್ಲಿದ್ದ ಸಾರನ್ನು ಸುರೇಶ ಬಿಸಿ ಮಾಡಿದ. ಇಬ್ಬರೂ ಉಂಡರು. ತಟ್ಟೆ ತೊಳೆದಿಟ್ಟು, ಬಚ್ಚಲಿನಲ್ಲಿ ಟವೆಲ್ಲು ಪಂಚೆ ಸಿದ್ಧ ಮಾಡಿಟ್ಟು, ಅವನು ಊಟದ ಮೇಜಿಗೆ ಬಂದು ಕೂತು ಫೋನನ್ನು ಎದುರಿಗಿಟ್ಟುಕೊಂಡ. ಹತ್ತು ದಿನದಿಂದ ಕಟ್ಟಿಟ್ಟುಕೊಂಡ ಅಳುವಿಗೆ ಈಗ ಜಾಗ ಮಾಡಿಕೊಡುವವನಂತೆ ಎರಡು ಸಲ ದೀರ್ಘವಾಗಿ ಉಸಿರೆಳೆದ. ವಾಣಿಶ್ರೀ ಪಕ್ಕದ ಕುರ್ಚಿಯಲ್ಲಿ ಕೂತು ಅವನ ಬೆನ್ನಿನ ಮೇಲೆ ಕೈಯಿಟ್ಟಳು.

ಫೋನು ಜೀವ ಬಂದು ಟಿಂಗ್ ಟಿಂಗ್ ಎನ್ನತೊಡಗಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

"ಅತ್ತಿಗೆ ವಾಯ್ಸ್ ಮೆಸೇಜ್ ಹಾಕಿದಾರೆ," ಎಂದು ಸುರೇಶ ಮೊದಲನೆಯದನ್ನು ಒತ್ತಿದ.

"ಏನೋ ಸುರೇಶ, ವಿಮಾನ ಹತ್ತಿಬಿಟ್ಯಾ?"

ಅದು ಭಾನಣ್ಣನ ದನಿ. ದುರ್ಬಲವಾಗಿತ್ತು, ಆದರೆ ಅದೇ ತಮಾಷೆ, ಅದೇ ಕೀಟಲೆ.

"ಇಲ್ಲಿ ನಾಕ್ ಗಂಟೆ. ನಿದ್ದೆ ಹತ್ತಲಿಲ್ಲ ಕಣೋ. ರೇಣು ಮಲಗಿದಾಳೆ, ಅವಳ ಫೋನ್ ಕದ್ದು ಮಾಡ್ತಿದೀನಿ. ಮೂರು ಸಲ ಮಾಡ್ದೆ, ನೀನು ತಗೊಳ್ಳಲಿಲ್ಲ. ಏನಿಲ್ಲ, ಸುಮ್ನೆ. ಹೋಗ್ಬನ್ನಿ. ಇಳಿದ್ಮೇಲೆ ಮಾಡು."

"ಇದು ಹಳೇದು," ಎಂದ ಸುರೇಶ. "ಹಳೇದು ಯಾವುದೋ ಈಗ ಬಂದಿದೆ." ಮತ್ತೆ ಫೋನನ್ನು ಕಣ್ಣ ಹತ್ತಿರ ಹಿಡಿದು ತಾರೀಖು ನೋಡಿದ. ಇನ್ನೊಂದು ಸಲ ನೋಡಿದ. ಅವನ ಬೆನ್ನು ಅವಳ ಅಂಗೈ ಕೆಳಗೆ ಕಲ್ಲಾಯಿತು. ಏನಾಯಿತೆಂದು ವಾಣಿಶ್ರೀಗೆ ಅರ್ಥವಾಗಲು ಎರಡನೇ ಮೆಸೇಜು ಬರಬೇಕಾಯಿತು.

"ಮಾಡ್ಲೇ ಇಲ್ಲ ನೀನು. ಇವತ್ತು ಡಯಾಲಿಸಿಸ್ ಬೇಡ ಅಂದ್ಬಿಟ್ಟೆ. ಸಾಕಾಯ್ತು. ಡಾಕ್ಟ್ರೂ ಸರಿ ಅಂದ್ರು. ಇನ್ನು ಒಂದ್ ನಾಕೈದು ದಿನ ಅಂತೆ, ತಲೆ ಮಾತ್ರ ಚೆನ್ನಾಗಿದೆ. ನಿಂಗೊಂದು ಮಾತು ಹೇಳ್ಬೇಕು ಕಣೋ. ಹಿಂಗೆ ಮೆಷೀನಿಗೆ ಹೇಳೋದಲ್ಲ ಅದು, ನಿಂಗೇ ಹೇಳ್ಬೇಕು. ಜಾನ್ವಿಗೂ ಹೇಳಿದೀನಿ ನಿನ್ನ ಹಿಡ್ಕೊಡು ಅಂತ. ಮಾಡು, ಏನು?"

"ಯಾವತ್ತಿಂದು ಅದು?" ಎಂದಳು ವಾಣಿಶ್ರೀ.

"ಡಿನಾನ್," ಎಂದ ಸುರೇಶ. ತಾರೀಖು ಹೇಳಲಿಲ್ಲ. "ನಾವು ದೋಸೆ ತಿಂತಾ ಇದ್ವಲ್ಲ. ಅಲೀಮ್ ಬಂದ್ನಲ್ಲ."

ಮೂರನೆಯದರಲ್ಲಿ ದನಿ ಇನ್ನೂ ಇಳಿದಿತ್ತು. ನಡುನಡುವೆ ಉಸಿರಿಗಾಗಿ ನಿಲ್ಲುತ್ತಿತ್ತು. "ವಾಣಿ ನೋಡಿದ್ಲೇನೋ ಆ ಕಲ್ಲುಗಳ್ನ? ಏನ್ ನೋಡಿದ್ಲು, ಹೆಂಗಿತ್ತು, ಎಲ್ಲ ಕೇಳಿ ಹೇಳು ನಂಗೆ. ನಾನು ಕಣ್ಣು ಮುಚ್ಕೊಂಡೇ ಇರ್ತೀನಿ ಈಗ. ಹೇಳಿದ್ರೆ ಸಾಕು, ಕಾಣತ್ತೆ."

ನಾಲ್ಕನೆಯದರಲ್ಲಿ ಭಾನಣ್ಣನ ಮಾತಿರಲಿಲ್ಲ. ಗೊರಗೊರ ಉಸಿರಿತ್ತು. ಅದರ ಮೇಲೆ ರೇಣು ಅತ್ತಿಗೆಯ ದನಿ, "ರೀ, ಇಟ್ಬಿಡ್ಲಾ? ತಗೊಳ್ತಿಲ್ಲ ಅವರು." ಬಹಳ ಹೊತ್ತು ಬಿಟ್ಟು, "ಇರು. ತಗೋತಾನೆ," ಎಂದು ಭಾನಣ್ಣ ಹೇಳಿದ್ದು ಕೇಳಿಸಿತು. ಮುಗಿಯಿತು.

ಕೊನೆಗಿದ್ದದ್ದು ಅತ್ತಿಗೆ ಟೈಪ್ ಮಾಡಿದ ಒಂದು ಸಾಲು. ಅದನ್ನು ಸುರೇಶ ಗಟ್ಟಿಯಾಗಿ ಓದಿದ: "ಬೆಳಿಗ್ಗೆ ಆರು ಹತ್ತಕ್ಕೆ ಹೋದರು. ಕೊನೆವರೆಗೂ ನಿಮ್ಮ ಫೋನ್ ಕಾಯ್ತಾ ಇದ್ದರು." ಅದು ನಿನ್ನೆಯದು. ಅದರ ಕೆಳಗೆ ಜಾನ್ವಿಯ ಇಂಗ್ಲಿಷ್ ಮೆಸೇಜುಗಳು ಒಂದರ ಮೇಲೊಂದು ಬಿದ್ದಿದ್ದವು. ದೊಡ್ಡಪ್ಪನಿಗೆ ಕಾಲ್ ಮಾಡಿ, ಪ್ಲೀಸ್ ಕಾಲ್ ಮಾಡಿ, ವೈ ಆರ್ ಯು ನಾಟ್ ಕಾಲಿಂಗ್ ಹಿಮ್. ಅವನ್ನು ಅವನು ಓದಲಿಲ್ಲ.

ಸುರೇಶ ಅಳಲಿಲ್ಲ. ಹತ್ತು ದಿನ ಸತ್ತವನಿಗಾಗಿ ಕೂಡಿಟ್ಟಿದ್ದ ಅಳು, ಅಷ್ಟೂ ದಿನ ಬದುಕಿದ್ದವನಿಗೆ ಉಪಯೋಗಕ್ಕೆ ಬರಲಿಲ್ಲ. "ಬದುಕಿದ್ದ," ಎಂದ. "ಏನು ಮಾತಿತ್ತು ಅವನದು?" ಎಂದ. ವಾಣಿಶ್ರೀಯನ್ನು ಕೇಳಿದ್ದಲ್ಲ ಅದು. ಕೇಳಬೇಕಾದವನು ಈಗ ಬೂದಿಯಾಗಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಸುರೇಶನಿಗೆ ಬುದ್ಧಿಯೂ ಬರಲಿಲ್ಲ, ಮೇಜಿನ ಮೇಲೆ ಬೆರಳಿನಿಂದ ಏನನ್ನೋ ಒರೆಸುತ್ತ ಕೂತಿದ್ದ. ಆಮೇಲೆ ಎದ್ದು ನೆಟ್ಟಗೆ ಬಚ್ಚಲಿಗೆ ಹೋದ. ನೀರಿನ ಸದ್ದು ಶುರುವಾಯಿತು.

ವಾಣಿಶ್ರೀ ಗೋಡೆ ಹಿಡಿದು ಹಿಂದೆಯೇ ಹೋದಳು. ಬಾಗಿಲು ತೆರೆದೇ ಇತ್ತು. ಅವನು ಪ್ಯಾಂಟು ಶರ್ಟಿನಲ್ಲೇ ಶವರಿನ ಕೆಳಗೆ ನಿಂತಿದ್ದ. ಸಾವಿನ ಸ್ನಾನ ಉಟ್ಟಬಟ್ಟೆಯಲ್ಲೇ ಆಗಬೇಕು. ಲ್ಯಾಂಡ್ರಿ ಬುಟ್ಟಿಯ ಮೇಲೆ ಕೂತು ಅವಳು ಕಾದಳು. ಬಚ್ಚಲೆಲ್ಲ ಹಬೆ ತುಂಬಿತು. ಫ್ಯಾನು ಮೇಲೆ ಬುರ್ ಎನ್ನುತ್ತಿತ್ತು. ಈಗ ಹೇಳಿಬಿಡಬೇಕು ಎಂದುಕೊಂಡಳು. ಇನ್ನು ಏನು ಕಳೆದುಹೋಗುವುದಿದೆ?

ನೀರು ನಿಂತಿತು. ಅವನು ಒದ್ದೆ ಬಟ್ಟೆಯಲ್ಲೇ ಟಬ್ಬಿನ ಅಂಚಿನ ಮೇಲೆ ಕೂತದ್ದು ಸದ್ದಿನಿಂದ ತಿಳಿಯಿತು.

"ರೀ," ಎಂದಳು. "ನಾನೊಂದು..."

"ಹೋಗ್ಲಿ ವಾಣಿ," ಎಂದ ಸುರೇಶ. "ನಾನು ಮಾಡಿದ್ದು ಪಾಪ. ಅದಕ್ಕೆ ಏಳು ಜನ್ಮಕ್ಕೂ ಕ್ಷಮೆ ಇಲ್ಲ. ಆದ್ರೆ ನೀನು ನೋಡಿದ್ಯಲ್ಲ. ನೀನು ನೋಡಿದ್ದೊಂದೇ ಉಳಿದಿರೋದು ನಂಗೆ. ಅದೂ ಇಲ್ದಿದ್ರೆ ಈಗ್ಲೇ ಹುಚ್ಚು ಹಿಡಿದ್ಬಿಡೋದು." ಮೂಗು ಒರೆಸಿಕೊಂಡ. "ಹೇಳು. ಭಾನಣ್ಣ ಕೇಳಿದ್ನಲ್ಲ. ಏನೇನು ನೋಡಿದೆ, ಎಲ್ಲ ಹೇಳು. ಅವನಿಗೆ ಹೇಳ್ದ ಹಾಗೆ."

ವಾಣಿಶ್ರೀಯ ಬಾಯಿಗೆ ಬಂದಿದ್ದ ಮಾತು ಹಿಂದಕ್ಕೆ ಹೋಯಿತು. ಹೋದದ್ದು ಮತ್ತೆ ಬರುವುದಿಲ್ಲವೆಂದು ಅವಳಿಗೆ ಆಗಲೇ ಗೊತ್ತಾಯಿತು. ಆನ್ ಆರ್ಬರ್, ಡಾಕ್ಟರು, ಬೆಳಕು ಕತ್ತಲೆ ಎಲ್ಲವೂ ಅದರ ಜೊತೆಗೇ ಹೋದವು.

"ಹನ್ನೊಂದು ಸಾಲು ಇತ್ತು," ಎಂದು ಶುರುಮಾಡಿದಳು. ಅದು ಲೈಬ್ರರಿಯ ಪುಸ್ತಕದಲ್ಲಿದ್ದದ್ದು. "ಒಂದೊಂದು ಸಾಲೂ ಒಂದು ಮೈಲಿ ದೂರ ಹೋಗುತ್ತೆ ಭಾವ. ಶುರುವಿಗೆ ಇರೋವು ಆಳುದ್ದ, ಎರಡಾಳುದ್ದ. ಹೋಗ್ತಾ ಹೋಗ್ತಾ ಸಣ್ಣವಾಗ್ತವೆ. ಕೊನೆಗೆ ಮೊಣಕಾಲುದ್ದ."

"ಯಾವ ಬಣ್ಣ?" ಎಂದ ಸುರೇಶ.

"ಬೂದು. ಆದ್ರೆ ಹತ್ತಿರ ಹೋದ್ರೆ ಬೂದು ಅಲ್ಲ. ಹಳದಿ ಪಾಚಿ ಹಿಡಿದಿರತ್ತೆ, ಅರಿಶಿನ ಮೆತ್ತಿದ ಹಾಗೆ. ಒಂದಕ್ಕೆ ಹೊಟ್ಟೆ ದಪ್ಪ, ನಿಮ್ಮ ಹಾಗೇ ಇತ್ತು. ಇನ್ನೊಂದು ಸ್ವಲ್ಪ ವಾಲಿಕೊಂಡು ಪಕ್ಕದ್ದರ ಜೊತೆ ಮಾತಾಡೋ ಹಾಗೆ..."

ಪುಸ್ತಕದಲ್ಲಿದ್ದದ್ದು ಮುಗಿದರೂ ಅವಳು ನಿಲ್ಲಿಸಲಿಲ್ಲ. ಕಲ್ಲುಗಳ ನಡುವೆ ಕುರಿ ಬಿಟ್ಟಳು. ಮೋಡ ಸರಿಸಿ ಬಿಸಿಲು ತಂದಳು. ಟಬ್ಬಿನ ಅಂಚಿನ ಕಡೆ ಮುಖ ಮಾಡಿ, ಕೈಯಾಡಿಸುತ್ತ, ಎಂದೂ ಇಲ್ಲದ ಉತ್ಸಾಹದಿಂದ ಹೇಳುತ್ತ ಹೋದಳು.

ಸುರೇಶ ಚಳಿಗೆ ನಡುಗುತ್ತಿದ್ದ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಟವೆಲ್ಲು ತೆಗೆದುಕೊಳ್ಳಲು ಮೆಲ್ಲಗೆ ಎದ್ದು ಅವಳನ್ನು ದಾಟಿ ಬಂದ. ಫ್ಯಾನಿನ ಸದ್ದಿನಲ್ಲಿ ಅವನ ಒದ್ದೆ ಹೆಜ್ಜೆ ಅವಳಿಗೆ ಕೇಳಿಸಲಿಲ್ಲ, ಹಬೆಯಲ್ಲಿ ಅವನ ನೆರಳೂ ಕಾಣಲಿಲ್ಲ. ಟವೆಲ್ಲು ಹೊದ್ದುಕೊಂಡು ತಿರುಗಿದಾಗ ವಾಣಿಶ್ರೀ ಇನ್ನೂ ಹೇಳುತ್ತಲೇ ಇದ್ದಳು. ಟಬ್ಬಿನ ಖಾಲಿ ಅಂಚಿಗೆ ಹೇಳುತ್ತಿದ್ದಳು. ನಡುವೆ ನಿಲ್ಲಿಸಿ, ಆ ಖಾಲಿ ಜಾಗವನ್ನೇ ದಿಟ್ಟಿಸಿ, ನಕ್ಕಳು.

ಅವನು ನಿಂತಲ್ಲೇ ನಿಂತ. ಟವೆಲ್ಲು ಹಿಡಿದ ಕೈಯನ್ನು ನಿಧಾನವಾಗಿ ಎತ್ತಿ, ಅವಳ ಕಣ್ಣೆದುರಿಗೆ ಒಂದು ಸಲ ಆಡಿಸಿದ. ಅವಳ ರೆಪ್ಪೆ ಅಲ್ಲಾಡಲಿಲ್ಲ.

"ಕೇಳ್ತಿದೀರಾ?" ಎಂದಳು ವಾಣಿಶ್ರೀ.

ಸುರೇಶ ಉತ್ತರಿಸಲು ಬಾಯಿ ತೆರೆದು, ಮುಚ್ಚಿದ. ತುದಿಗಾಲಿನಲ್ಲಿ, ಒಂದು ಹನಿಯೂ ಸದ್ದು ಮಾಡದ ಹಾಗೆ ಪ್ಯಾಂಟನ್ನು ಎತ್ತಿ ಹಿಡಿದುಕೊಂಡು, ಅವಳನ್ನು ಸುತ್ತಿ ಹೋಗಿ ಟಬ್ಬಿನ ಅಂಚಿನ ಮೇಲೆ ಮೊದಲಿದ್ದ ಜಾಗದಲ್ಲೇ ಕೂತ.

"ಹೂಂ," ಎಂದ. "ಆಮೇಲೆ?"